ಪಕ್ಕದ ಸೀಟು ಖಾಲಿ ಇರತಕ್ಕದ್ದು

ಜಯಶೀಲಾಳ ಗಂಡ ಶಿವರಾಜನಿಗೆ ಐವತ್ತು ದಾಟಿದ ಮೇಲೆ ಪ್ಲಾಟಿನಂ ಬಂತು. ಆ ವಯಸ್ಸಿಗೆ ಶಿವಮೊಗ್ಗದ ಗೋಪಾಳ ಬಡಾವಣೆಯ ಉಳಿದ ಗಂಡಸರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಇಲ್ಲವೇ ಬಿ.ಪಿ. ಬರುತ್ತದೆ. ಅವಕ್ಕಾದರೆ ಮಾತ್ರೆ ಇದೆ. ಪ್ಲಾಟಿನಂಗೆ ಮದ್ದಿಲ್ಲ ಎಂಬುದು ಜಯಶೀಲಾಳಿಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು.

ಭದ್ರಾವತಿಯ ಫೌಂಡ್ರಿಗಳಲ್ಲಿ ಎರಕ ಹೊಯ್ಯಿಸಿದ ಪಂಪಿನ ಬಿಡಿಭಾಗಗಳನ್ನು ಚೆನ್ನೈ ಕಂಪನಿಗಳಿಗೆ ಒದಗಿಸುವುದು ಶಿವರಾಜನ ವ್ಯಾಪಾರ. ಮೊದಲೆಲ್ಲ ಬಸ್ಸು, ರೈಲು ಹಿಡಿದು, ಸೊಂಟ ಹಿಡಿಸಿಕೊಂಡು ಬರುತ್ತಿದ್ದ. ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ನೀಲಾಂಬರ ಏರ್‌ವೇಸ್ ಎಂಬ ಕಂಪನಿಯವರು ರೆಕ್ಕೆಗೆ ಫ್ಯಾನು ಕಟ್ಟಿದ ಸಣ್ಣ ವಿಮಾನವೊಂದನ್ನು ಚೆನ್ನೈಗೆ ಬಿಟ್ಟರು. ಶಿವರಾಜ ಹತ್ತಿದ, ಇಳಿದ, ಮತ್ತೆ ಹತ್ತಿದ. ಹೀಗೆ ಹತ್ತಿ ಇಳಿದ ಪುಣ್ಯಕ್ಕೆ ಕಂಪನಿಯವರು ಮೊದಲು ಬೆಳ್ಳಿ ಅಂದರು, ಆಮೇಲೆ ಚಿನ್ನ ಅಂದರು, ಕೊನೆಗೆ ಪ್ಲಾಟಿನಂ ಎಂದು ಒಂದು ಕಾರ್ಡು ಕಳಿಸಿದರು. ಕಾರ್ಡು ಪ್ಲಾಸ್ಟಿಕ್ಕಿನದು. ಶಿವರಾಜ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದ.

ಕಾರ್ಡಿನ ಜೊತೆ ಬಂದ ಸೌಲಭ್ಯಗಳಲ್ಲಿ ಒಂದು ಅವನ ತಲೆ ಕೆಡಿಸಿತು. ವಿಮಾನ ಭರ್ತಿಯಾಗದಿದ್ದರೆ ಪ್ಲಾಟಿನಂ ಗಿರಾಕಿಯ ಪಕ್ಕದ ಸೀಟನ್ನು ಯಾರಿಗೂ ಕೊಡುವುದಿಲ್ಲ. ಅದು ಖಾಲಿ ಇರುತ್ತದೆ. ಅಷ್ಟೇ. ಅದರ ಮೇಲೆ ಹೂವಿಡುವುದಿಲ್ಲ, ತಿಂಡಿ ಇಡುವುದಿಲ್ಲ, ಬರೀ ಖಾಲಿ. ಆದರೆ ಶಿವರಾಜ ಹುಟ್ಟಿ ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನಿನ ಎರಡು ಕೋಣೆಯ ಮನೆಯಲ್ಲಿ, ಎಂಟು ಜನರ ನಡುವೆ. ಓಡಾಡಿದ್ದು ಇಬ್ಬರ ಸೀಟಿನಲ್ಲಿ ಮೂವರು ಕೂರುವ ಶಿವಮೊಗ್ಗದ ಬಸ್ಸಿನಲ್ಲಿ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತನ್ನು ತಾಯಿಯ ಹಾಲಿನೊಂದಿಗೇ ಕುಡಿದವನಿಗೆ ಇಡೀ ಸೀಟೊಂದು ತನಗಾಗಿ ಸುಮ್ಮನೆ ಖಾಲಿ ಕೂತಿದ್ದು ಕಂಡು ಜನ್ಮ ಸಾರ್ಥಕವಾಯಿತು.

ಅಂದಿನಿಂದ ಅವನು ಬೇಡಿಕೊಳ್ಳುತ್ತಿದ್ದುದು ಒಂದೇ, ವಿಮಾನ ತುಂಬಬಾರದು. ಊರಿಗೆ ವಿಮಾನ ಬರಲೆಂದು ಜನ ಎಷ್ಟು ವರ್ಷ ಕಾದಿದ್ದರು! ಈಗ ಬಂದ ವಿಮಾನಕ್ಕೆ ಜನವೇ ಬರದಿರಲಿ ಎಂದು ಹರಕೆ ಹೊತ್ತವನು ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ಪ್ರತಿ ಸಲ ಕೂತ ತಕ್ಷಣ ಪಕ್ಕದ ಸೀಟಿನ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದ. ಕೆಳಗೆ ‘ಇವತ್ತೂ ಖಾಲಿ’ ಎಂಬ ಒಕ್ಕಣೆ, ಮುಂದೆ ಕೈಮುಗಿದ ಚಿತ್ರ. ನೆಂಟರು ಹೆಬ್ಬೆಟ್ಟು ಎತ್ತುತ್ತಿದ್ದರು. ಏನನ್ನು ನೋಡಿ ಎತ್ತಬೇಕೆಂದು ಪಾಪ, ಯಾರಿಗೂ ಗೊತ್ತಿರಲಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಶಿವರಾಜ ಹಗಲಲ್ಲೇ ಹಿಡಿದ. ಮನೆಯ ಸೋಫಾದಲ್ಲಿ ಕೂತರೆ ಪಕ್ಕದಲ್ಲಿ ಬ್ಯಾಗು ಇಡುತ್ತಿದ್ದ. ಕಾಫಿ ಲೋಟ ಹಿಡಿದು ಬಂದ ಜಯಶೀಲಾ ಅಲ್ಲಿ ಕೂರಲು ಹೋದರೆ, “ಅಲ್ಲಿ ಕೂತ್ಕೋ ಜಯಾ, ಸ್ವಲ್ಪ ಸ್ಪೇಸ್ ಇರ್ಲಿ” ಎಂದು ಎದುರಿನ ಕುರ್ಚಿ ತೋರಿಸುತ್ತಿದ್ದ. ಇಪ್ಪತ್ತನಾಲ್ಕು ವರ್ಷ ಒಂದೇ ಮಂಚದಲ್ಲಿ ಗೊರಕೆ ಹೊಡೆದವನು ಈಗ ತನಗೆ ಅಗಲ ಬೇಕೆಂದು ಮಹಡಿಯ ಕೋಣೆಗೆ ಹೋದ. ಮೊದಲ ರಾತ್ರಿ ಜಯಶೀಲಾಳಿಗೆ ನಿದ್ದೆ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ವಾರ ಕಳೆದ ಮೇಲೆ ಮಾತ್ರ ಆ ಮೌನ ಅವಳ ಕಿವಿಗೆ ಚುಚ್ಚತೊಡಗಿತು.

ಓಲ್ಡ್ ಟೌನಿನಲ್ಲಿ ಅವನ ಚಿಕ್ಕಪ್ಪನ ಮಗ ಲೋಹಿತನ ಮದುವೆಯಾಯಿತು. ನಮ್ಮ ಕಡೆಯ ಮದುವೆ ಊಟ ಗೊತ್ತಲ್ಲ. ನೀವು ಕೋಸಂಬರಿಗೆ ಕೈ ಹಾಕುವಷ್ಟರಲ್ಲಿ ಮುಂದಿನ ಪಂಕ್ತಿಯವರು ನಿಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ನೀವು ಮಜ್ಜಿಗೆಗೆ ಬಂದಿರಾ ಇಲ್ಲವಾ ಎಂದು ಬಗ್ಗಿ ನೋಡುತ್ತಾರೆ. ಅಂಥ ಜಾಗದಲ್ಲಿ ಶಿವರಾಜ ತನ್ನ ಪಕ್ಕದ ಕುರ್ಚಿಗೆ ಬ್ಯಾಗು ಇಟ್ಟು, ಕೇಳಿದವರಿಗೆಲ್ಲ “ಇದೆ, ಇದೆ” ಅನ್ನುತ್ತ ಕೂತ. ಜಯಶೀಲಾಳನ್ನು ಎದುರು ಸಾಲಿಗೆ ಕಳಿಸಿದ. ಬಡಿಸುವವರಿಗೆ ಮುಖ ನೋಡುವ ಪುರುಸೊತ್ತು ಎಲ್ಲಿ? ಎಲೆ ಕಂಡಲ್ಲೆಲ್ಲ ಬಡಿಸಿಕೊಂಡು ಹೋದರು. ಬ್ಯಾಗಿನ ಮುಂದಿನ ಎಲೆಗೂ ಪಲ್ಯ ಬಿತ್ತು, ಚಿತ್ರಾನ್ನ ಬಿತ್ತು, ಹೋಳಿಗೆ ಬಿತ್ತು, ಹೋಳಿಗೆಯ ಮೇಲೆ ತುಪ್ಪವೂ ಬಿತ್ತು.

ಅವನ ಸೋದರತ್ತೆ ಕಾಶಮ್ಮ ಎರಡು ಕುರ್ಚಿಯಾಚೆ ಕೂತಿದ್ದಳು. ಸಂಜೆ ಕಿವಿ ಕೇಳುವುದಿಲ್ಲ ಅನ್ನುತ್ತಾಳೆ, ಬೆಳಿಗ್ಗೆ ಕಣ್ಣು ಕಾಣುವುದಿಲ್ಲ ಅನ್ನುತ್ತಾಳೆ. ಬೇಕಾದಾಗ ಎರಡೂ ಸರಿಯಿರುತ್ತವೆ. ಯಾರೂ ಕೂರದ ಆ ತುಂಬಿದ ಎಲೆಯನ್ನು ಚೆನ್ನಾಗಿ ನೋಡಿದಳು.

“ಲೋ ಶಿವು, ಮದ್ವೆ ಮನೇಲಿ ಯಾರಿಗೋ ಎಡೆ ಇಟ್ಟಿದೀಯ?” ಎಂದು ಇಡೀ ಪಂಕ್ತಿಗೆ ಕೇಳುವಂತೆ ಕೂಗಿದಳು. “ನಿಮ್ಮಪ್ಪಂಗಾ? ಅವ್ನಿಗೆ ಸಿಹಿ ಆಗ್ತಿರ್ಲಿಲ್ಲ ಕಣೋ, ಒಂದೆರಡು ಬೋಂಡ ಹಾಕ್ಸು.”

ಸತ್ತ ಹಿರಿಯರಿಗೆ ಎಲೆ ಬಡಿಸಿಡುವುದನ್ನು ಪಿತೃಪಕ್ಷದಲ್ಲಿ ಮಾಡುತ್ತಾರೆ, ಮದುವೆ ಛತ್ರದಲ್ಲಲ್ಲ. ಪಂಕ್ತಿ ಗೊಳ್ಳೆಂದಿತು. ಹೆಣ್ಣಿನ ಕಡೆಯ ಒಬ್ಬ ಹಿರಿಯರು ಮಾತ್ರ ನಗಲಿಲ್ಲ. ಇದೆಂಥ ಅಪಶಕುನ ಎಂದು ಗೊಣಗುತ್ತ ಎದ್ದು ಹೋದರು. ಶಿವರಾಜ ಬ್ಯಾಗು ತೆಗೆದು ತೊಡೆಯ ಮೇಲಿಟ್ಟುಕೊಂಡ. ಕಾರಿನಲ್ಲಿ ಬರುತ್ತ, “ಈ ಜನಕ್ಕೆ ಪರ್ಸನಲ್ ಸ್ಪೇಸ್ ಅಂದ್ರೇನು ಅಂತಾನೇ ಗೊತ್ತಿಲ್ಲ, ಮಾರಾಯ್ತಿ” ಅಂದ. ಜಯಶೀಲಾ ಕಿಟಕಿಯ ಕಡೆ ತಿರುಗಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಸ್ನಾನ ಮಾಡುವಾಗ ಅವಳ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಏನಿಲ್ಲ. ನೋವಿಲ್ಲದ್ದೇ ಕೆಟ್ಟದ್ದು ಎಂದು ಯಾರೋ ಹೇಳಿದ್ದು ನೆನಪಾಯಿತು. ಒಬ್ಬಳೇ ಆಸ್ಪತ್ರೆಗೆ ಹೋದಳು. ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡರು. ಫಲಿತಾಂಶಕ್ಕೆ ಗುರುವಾರ ಬನ್ನಿ, ಜೊತೆಗೆ ಮನೆಯವರನ್ನು ಕರೆದುಕೊಂಡು ಬನ್ನಿ ಎಂದರು. ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಡಾಕ್ಟರು ಯಾವಾಗ ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಮಗಳು ಸುಶ್ಮಿತಾ ದಾವಣಗೆರೆಯ ಹಾಸ್ಟೆಲಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಉಳಿದ ಮನೆಯವರೆಂದರೆ ಪ್ಲಾಟಿನಂ.

“ರೀ, ಗುರುವಾರ ಸ್ವಲ್ಪ ಡಾಕ್ಟ್ರ ಹತ್ರ ಹೋಗ್ಬೇಕು. ನೀವೂ ಬರ್ತೀರಾ?”

ಶಿವರಾಜ ಫೋನಿನಿಂದ ತಲೆ ಎತ್ತಲಿಲ್ಲ. “ಗುರುವಾರ ಆಗಲ್ಲ ಜಯಾ, ಚೆನ್ನೈಗೆ ಹೋಗ್ತೀನಿ.”

“ಏನು ಕೆಲ್ಸ?”

“ಕೆಲ್ಸ ಏನಿಲ್ಲ. ಹೋಗಿ ಅದೇ ಫ್ಲೈಟಲ್ಲಿ ವಾಪಸ್ ಬರೋದು. ವರ್ಷ ಮುಗೀತಾ ಬಂತು, ಇನ್ನೆರಡು ಸಲ ಹಾರದೇ ಇದ್ರೆ ಗೋಲ್ಡಿಗೆ ಇಳಿಸ್ಬಿಡ್ತಾರೆ. ಗೋಲ್ಡಿಗೆ ಪಕ್ಕದ ಸೀಟು ಖಾಲಿ ಬಿಡಲ್ಲ. ಡಾಕ್ಟ್ರು ಅಂದ್ರೆ ಮಂಡಿನೋವಾ? ಆಟೋ ಮಾಡ್ಕೊಂಡು ಹೋಗ್ಬಾ.”

ಮೂಗಿಗಿಂತ ಮೂಗುತಿ ಭಾರ ಎಂದು ಅವಳಿಗೆ ಹೇಳಬೇಕೆನಿಸಿತು. ಹೇಳಬೇಕೆನಿಸಿದ್ದು ಇನ್ನೂ ಬಹಳವಿತ್ತು. ಆದರೆ ಭಯದಲ್ಲಿರುವವರಿಗೆ ಜಗಳ ಆಡಲು ತ್ರಾಣವಿರುವುದಿಲ್ಲ. ಮಂಡಿನೋವು ಎಂದೇ ಇಟ್ಟುಕೊಳ್ಳಲಿ ಎಂದುಕೊಂಡಳು.

ಗುರುವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಕೂತಿದ್ದಳು. ಸಾಲಾಗಿ ಜೋಡಿಸಿದ ಸ್ಟೀಲ್ ಕುರ್ಚಿಗಳಲ್ಲಿ ಎಲ್ಲರ ಪಕ್ಕದಲ್ಲೂ ಯಾರೋ ಇದ್ದರು. ಒಬ್ಬಳ ಪಕ್ಕದಲ್ಲಿ ತಂಗಿ, ಇನ್ನೊಬ್ಬಳ ಪಕ್ಕದಲ್ಲಿ ಗಂಡ. ಅವನು ಹೆಂಡತಿಯ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದುಕೊಂಡಿದ್ದ, ಯಾಕೋ. ಜಯಶೀಲಾಳ ಪಕ್ಕದ ಕುರ್ಚಿ ಖಾಲಿ. ಹೆಸರು ಕೂಗುವುದನ್ನೇ ಕಾಯುತ್ತಿದ್ದಾಗ ಫೋನು ಟಿಂಗ್ ಅಂದಿತು. ಶಿವರಾಜ ಫೋಟೋ ಹಾಕಿದ್ದ. ನೀಲಿ ಸೀಟು, ಅದರ ಮೇಲೆ ಅಡ್ಡ ಮಲಗಿಸಿದ ಬೆಲ್ಟು. ‘ಇವತ್ತೂ ಖಾಲಿ.’ ಅವಳು ಅದನ್ನು ನೋಡುತ್ತಲೇ ಇದ್ದಳು. ಒಳಗಿಂದ ಅವಳ ಹೆಸರನ್ನು ಎರಡು ಸಲ ಕೂಗಬೇಕಾಯಿತು.

ಕೆಟ್ಟದ್ದೇನಲ್ಲ, ಕೊಬ್ಬಿನ ಗಂಟು ಎಂದರು ಡಾಕ್ಟರಮ್ಮ. ಆರು ತಿಂಗಳು ಬಿಟ್ಟು ಬಂದು ತೋರಿಸಿ ಎಂದರು. ಹೊರಗೆ ಬಂದು ಅದೇ ಕುರ್ಚಿಯಲ್ಲಿ ಕೂತು ಜಯಶೀಲಾ ಅತ್ತಳು. ಸಂಜೆ ಶಿವರಾಜ ಪ್ಲಾಟಿನಂ ಉಳಿಯಿತೆಂದು ಮೈಸೂರುಪಾಕು ತಂದ. ಅವಳು ಒಂದು ತುಂಡು ತಿಂದಳು. ಅವಳಿಗೂ ಸಿಹಿ ಸುದ್ದಿಯೇ ಇತ್ತಲ್ಲ, ತಿನ್ನದೆ ಇರಲು ಕಾರಣವಿರಲಿಲ್ಲ.

ಆಮೇಲೆ ಹೇಳಲು ಬಹಳ ಸಲ ಹೊರಟಳು. ಬಾಯಿ ತೆರೆದರೆ ಅವನಿಗೆ ಫೋನು, ಫೋನಿಲ್ಲದಿದ್ದರೆ ಬ್ಯಾಗು. ಎದುರಿನ ಕುರ್ಚಿಯಲ್ಲಿ ಕೂತು ಕೂಗಿ ಹೇಳುವ ಸಂಗತಿಯೂ ಅಲ್ಲ ಅದು. ಗಂಟು ಏನೂ ಇಲ್ಲವೆಂದಾಗಿತ್ತು, ಆದರೆ ಆ ಗುರುವಾರ ಅವಳೊಳಗೆ ಹಾಗೇ ಕೂತಿತ್ತು. ಅವಳಿಗೆ ಬೇಕಾದದ್ದು ಇಷ್ಟೇ: ಅವನು ಅದನ್ನು ಕೇಳಬೇಕು, ಕೇಳಿ ಒಂದು ಗಳಿಗೆ ಹೆದರಬೇಕು. ಅವಳು ಇಲ್ಲದೇ ಹೋಗಬಹುದಿತ್ತು ಎಂದು ಅವನ ಮುಖ ಒಂದು ಸಲ ಬಿಳಿಚಿಕೊಂಡರೆ ಸಾಕು, ಉಳಿದದ್ದನ್ನೆಲ್ಲ ಮನ್ನಿಸಲು ಅವಳು ತಯಾರಿದ್ದಳು.

ಫೆಬ್ರವರಿಯಲ್ಲಿ ಅವರ ಮದುವೆಗೆ ಇಪ್ಪತ್ತೈದು ತುಂಬಿತು. ಶಿವರಾಜನೇ ಹೇಳಿದ, “ಚೆನ್ನೈಗೆ ಹೋಗಿ ಮಹಾಬಲಿಪುರ ನೋಡ್ಕೊಂಡು ಬರೋಣ. ನೀನು ಒಂದ್ಸಲಾನೂ ವಿಮಾನ ಹತ್ತಿಲ್ಲ.” ಜಯಶೀಲಾಳಿಗೆ ಹಿಗ್ಗಾಯಿತು. ಮಹಾಬಲಿಪುರಕ್ಕಲ್ಲ. ವಿಮಾನದಲ್ಲಿ ಫೋನು ಬರುವುದಿಲ್ಲ, ಗಂಡ ಎದ್ದು ಮಹಡಿಗೆ ಹೋಗಲಾರ. ಒಂದು ಗಂಟೆಯ ಮೇಲೆ ಪಕ್ಕಪಕ್ಕದಲ್ಲಿ! ಅಲ್ಲೇ ಹೇಳಿಬಿಡುತ್ತೇನೆ ಎಂದುಕೊಂಡಳು. “ನಿಮ್ಗೊಂದು ವಿಷ್ಯ ಹೇಳ್ಬೇಕು, ಪ್ಲೇನಲ್ಲಿ ಹೇಳ್ತೀನಿ” ಎಂದು ಅವನಿಗೂ ಹೇಳಿಟ್ಟಳು.

ಆದರೆ ಓಲ್ಡ್ ಟೌನಿನ ವ್ಯಾಪಾರಿಯ ತಲೆ ಬೇರೆಯೇ ಓಡುತ್ತದೆ. ಇಬ್ಬರಿಗೂ ಒಟ್ಟಿಗೆ ಟಿಕೆಟ್ ಮಾಡಿದರೆ ಪಕ್ಕದ ಸೀಟಿಗೆ ಹೆಂಡತಿ ಬಂದು ಖಾಲಿ ಸೀಟು ದಂಡವಾಗುತ್ತದೆ. ಬೇರೆ ಬೇರೆ ಮಾಡಿಸಿದರೆ? ತನ್ನದೊಂದು, ತನ್ನ ಪಕ್ಕದ ಖಾಲಿಯದೊಂದು, ಹಿಂದೆ ಹೆಂಡತಿಯದೊಂದು. ಎರಡು ಟಿಕೆಟ್ಟಿಗೆ ಮೂರು ಸೀಟು!

“ಮೇಲೆ ಹೋದ್ಮೇಲೆ ನೀನು ಎದ್ದು ನನ್ನ ಪಕ್ಕ ಬಂದ್ಬಿಡು. ನಿನ್ನ ಸೀಟಲ್ಲಿ ಬ್ಯಾಗು ಇಡೋಣ” ಎಂದು ವಿವರಿಸಿದ. ಕೊಟ್ಟ ದುಡ್ಡಿಗಿಂತ ಒಂದು ಸೀಟು ಹೆಚ್ಚಿಗೆ ಕಿತ್ತುಕೊಂಡ ಸಂತೋಷದಲ್ಲಿ ಅವನ ಮುಖ ಅರಳಿತ್ತು. ಬ್ಯಾಗಿಗೂ ಒಂದು ಸೀಟಿದೆಯಲ್ಲ, ಪುಣ್ಯ ಮಾಡಿತ್ತು ಎಂದುಕೊಂಡಳು ಜಯಶೀಲಾ.

ಸೋಗಾನೆಯ ನಿಲ್ದಾಣದಲ್ಲಿ ಅವನನ್ನು ಮೊದಲು ಕರೆದು ಹತ್ತಿಸಿದರು. ಅವಳು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಹತ್ತಿದಳು. ಅವನದು ಎರಡನೇ ಸಾಲು, ಅವಳದು ಹಿಂದೆ, ರೆಕ್ಕೆಯಾಚೆ. ಅವಳ ಪಕ್ಕದ ಕಿಟಕಿಯಲ್ಲಿ ದಪ್ಪನೆಯ ಹೆಂಗಸೊಬ್ಬಳು ತೊಡೆಯ ಮೇಲೆ ಕೋಡುಬಳೆಯ ಡಬ್ಬಿ ಇಟ್ಟುಕೊಂಡು, ಎರಡು ಸೀಟುಗಳ ನಡುವೆ ಕೈಯಿಡುವ ಜಾಗವನ್ನೂ ಆಕ್ರಮಿಸಿ ಕೂತಿದ್ದಳು. ಸುಮಾರು ಸೀಟುಗಳು ಖಾಲಿಯಿದ್ದವು. ಅಂದರೆ ಶಿವರಾಜನ ಹರಕೆ ಫಲಿಸಿತ್ತು.

ಮೇಲೆ ಹೋಗುವವರೆಗೆ ಕಾಯಲು ಜಯಶೀಲಾಳಿಗೆ ಆಗಲಿಲ್ಲ. ರೆಕ್ಕೆಯ ಫ್ಯಾನು ತಿರುಗಲು ಶುರುವಾಗಿ ಇಡೀ ವಿಮಾನ ರೊಯ್ಯೆಂದಿತು. ಎದ್ದು ಎರಡನೇ ಸಾಲಿಗೆ ಬಂದಳು. ಗಗನಸಖಿ ಅಡ್ಡ ಬಂದಳು. ಎದೆಯ ಮೇಲೆ ಪ್ರಿಯದರ್ಶಿನಿ ಎಂದು ಹೆಸರಿತ್ತು.

“ಮೇಡಂ, ಇದು ಬ್ಲಾಕ್ ಆಗಿರೋ ಸೀಟು. ಸರ್ ಪ್ಲಾಟಿನಂ ಗೆಸ್ಟ್.”

“ನಾನು ಅವ್ರ ಹೆಂಡ್ತಿ ಕಣಮ್ಮ.”

ಪ್ರಿಯದರ್ಶಿನಿ ಶಿವರಾಜನ ಕಡೆ ತಿರುಗಿದಳು. ಒಳ್ಳೆಯ ಹುಡುಗಿ, ನಗುನಗುತ್ತಲೇ ಹೇಳಿದಳು. “ಪರ್ವಾಗಿಲ್ಲ ಸರ್, ನೀವು ಹೂಂ ಅಂದ್ರೆ ಬಿಟ್ಕೊಡ್ತೀನಿ. ಆದ್ರೆ ಗೆಸ್ಟೇ ಬೇಡ ಅಂದಿದ್ದು ಅಂತ ಎಂಟ್ರಿ ಆಗುತ್ತೆ. ಮುಂದಿನ ಮೂರು ಫ್ಲೈಟಿಗೆ ಈ ಬೆನಿಫಿಟ್ ಇರಲ್ಲ. ಹೊರಡೋದ್ರೊಳಗೆ ಹೇಳ್ಬೇಕು, ಆಮೇಲೆ ಸೀಟು ಬದಲಾಯಿಸೋಕೆ ಆಗಲ್ಲ.”

“ಮೂರಾ?” ಅಂದ ಶಿವರಾಜ.

ಜಯಶೀಲಾ ಅವನ ಮುಖವನ್ನೇ ನೋಡಿದಳು. ಫೌಂಡ್ರಿಯಲ್ಲಿ ಮಾಲು ತೂಗುವಾಗ ಅವನ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತು. ಹಾಗೇ ಇತ್ತು. ಒಂದು ಕಡೆ ಮೂರು ಖಾಲಿ ಸೀಟು, ಇನ್ನೊಂದು ಕಡೆ ತಾನು. ತಕ್ಕಡಿ ಬಹಳ ಹೊತ್ತೇನೂ ತೂಗಾಡಲಿಲ್ಲ.

“ಒಂದ್ ಗಂಟೆ ಚಿಲ್ಲರೆ ಅಷ್ಟೇ ಅಲ್ವಾ ಜಯಾ,” ಎಂದು ಮೆಲ್ಲಗೆ ಹೇಳಿದ. “ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

ಅವಳು ಹಿಂದಕ್ಕೆ ಬಂದು ಕೂತಳು. ಬೆಲ್ಟು ಹಾಕಲು ಬರಲಿಲ್ಲ. ಪಕ್ಕದವಳೇ ಬಗ್ಗಿ ಟಕ್ಕೆಂದು ಹಾಕಿಕೊಟ್ಟಳು. ಭದ್ರಾವತಿಯ ಪೇಪರ್ ಟೌನಿನ ತಮಿಳು ಹೆಂಗಸು, ಹೆಸರು ಸರಸ್ವತಿ. ಮಗಳ ಬಾಣಂತನಕ್ಕೆ ಹೊರಟಿದ್ದಳು. ಕೇಳದೆಯೇ ಎಲ್ಲ ಹೇಳಿದಳು.

“ನಿಂಗೆ ಭಯ ಆಗ್ತದಾಮ್ಮ?”

“ಸ್ವಲ್ಪ.”

“ನಂಗೆ ಜಾಸ್ತಿ ಇದೆ. ಕೈ ಕೊಡು ಇಲ್ಲಿ” ಎಂದು ಅವಳ ಕೈಯನ್ನು ಎಣ್ಣೆಗೈಯಲ್ಲೇ ಹಿಡಿದುಕೊಂಡು, “ಮುರುಗಾ, ಮುರುಗಾ” ಎಂದು ಕಣ್ಣು ಮುಚ್ಚಿದಳು. ವಿಮಾನ ನೆಲ ಬಿಟ್ಟಿತು. ಸರಸ್ವತಿಯ ಹಿಡಿತಕ್ಕೆ ಜಯಶೀಲಾಳ ಬಳೆ ಮಣಿಕಟ್ಟಿಗೆ ಒತ್ತಿತು. ಕೆಳಗೆ ಭದ್ರಾ ನದಿ, ಕಾರ್ಖಾನೆಯ ಚಿಮಣಿ, ಓಲ್ಡ್ ಟೌನಿನ ಒತ್ತೊತ್ತಾದ ಮನೆಗಳು ಓರೆಯಾಗಿ ಸರಿದು ಹೋದವು.

ಯಾವಾಗ ಶುರು ಮಾಡಿದಳೋ ಅವಳಿಗೇ ತಿಳಿಯದು. ಸ್ನಾನದ ಮನೆಯಿಂದ ಹಿಡಿದು ಹೇಳಿದಳು, ಸೂಜಿಯದು ಹೇಳಿದಳು, ಗುರುವಾರದ್ದು ಹೇಳಿದಳು, ಕಾರಿಡಾರಿನ ಕುರ್ಚಿಯದು ಹೇಳಿದಳು. ಸರಸ್ವತಿಯ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ಅವಳ ಮುಖ ಬಿಳಿಚಿಕೊಂಡಿತು.

“ಅಯ್ಯೋ, ಒಬ್ಳೇ ಹೋದ್ಯಾ? ಒಬ್ಳೇ ಕೂತ್ಯಾ? ನಿಂಗೆ ಬುದ್ಧಿ ಇದ್ಯಾಮ್ಮ, ಯಾರ್ನಾದ್ರೂ ಕೂಗೋದಲ್ವಾ! ಬೀದೀಲಿ ಹೋಗೋ ನನ್ನ ಕೂಗಿದ್ರೂ ಬರ್ತಿದ್ದೆ” ಎಂದು ಸಿಟ್ಟಿನಿಂದ ಬೈದಳು. ಬೈಯುತ್ತಲೇ ಕಣ್ಣೊರೆಸಿಕೊಂಡಳು. “ಈಗ ಏನಿಲ್ಲ ತಾನೇ? ಸತ್ಯ ಹೇಳು. ನನ್ನ ಮೇಲೆ ಆಣೆ ಮಾಡು.”

ಜಯಶೀಲಾ ಅವಳ ತಲೆ ಮುಟ್ಟಿ ಆಣೆ ಮಾಡಿದಳು. ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು. ಆಮೇಲೆ ಇಬ್ಬರೂ ಸೇರಿ ಮಗಳಿಗೆಂದು ಒಯ್ಯುತ್ತಿದ್ದ ಕೋಡುಬಳೆಯಲ್ಲಿ ಅರ್ಧ ಮುಗಿಸಿದರು.

ಚೆನ್ನೈಯಲ್ಲಿ ಇಳಿದಾಗ ಶಿವರಾಜ ನಿದ್ದೆ ಮಾಡಿ ಎದ್ದ ಮುಖದಲ್ಲಿ, ಗೆಲುವಾಗಿ ಕಾಯುತ್ತಿದ್ದ. ಸ್ವಲ್ಪ ಪಾಪಪ್ರಜ್ಞೆಯೂ ಇತ್ತೆನ್ನಿ, ಅವಳ ಚೀಲವನ್ನು ತಾನೇ ಇಸಿದುಕೊಂಡ.

“ಏನೋ ಹೇಳ್ಬೇಕು ಅಂದಿದ್ಯಲ್ಲ ಜಯಾ. ಹೇಳು, ಈಗ ಫ್ರೀ ಇದೀನಿ.”

“ಹೇಳಿ ಆಯ್ತು ರೀ.”

“ಯಾವಾಗ? ನಂಗೆ ಹೇಳೇ ಇಲ್ವಲ್ಲ.”

“ಪಕ್ಕದಲ್ಲಿದ್ದೋರಿಗೆ ಹೇಳ್ದೆ.”

ಅವನು ನಕ್ಕ. ಅವಳು ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದ. ಏನು ವಿಷಯ, ಯಾರ ವಿಷಯ, ದುಡ್ಡಿನದಾ, ಮಗಳದ್ದಾ ಎಂದು ಟ್ಯಾಕ್ಸಿಯವರೆಗೂ ಕೇಳಿದ. ಅವಳಿಗೆ ಸಿಟ್ಟಿರಲಿಲ್ಲ, ಅದೇ ಅವಳಿಗೂ ಆಶ್ಚರ್ಯ. ಹೇಳುವ ಆಸೆಯೇ ಉಳಿದಿರಲಿಲ್ಲ. ಟ್ಯಾಕ್ಸಿಯವನು ಹಿಂದಿನ ಬಾಗಿಲು ತೆರೆದ. ಜಯಶೀಲಾ ಮುಂದಿನ ಬಾಗಿಲು ತೆಗೆದು ಡ್ರೈವರನ ಪಕ್ಕ ಕೂತು, ಬೆಲ್ಟನ್ನು ತಾನೇ ಹಾಕಿಕೊಂಡು, ಅವನ ಊರು ಯಾವುದೆಂದು ವಿಚಾರಿಸತೊಡಗಿದಳು. ಹಿಂದಿನ ಸೀಟು ಪೂರ್ತಿ ಶಿವರಾಜನದಾಯಿತು.